ಸ್ವರಾತ್ಮ ಲೈವ್ ನೋಡಲು ಹೊರಟಿದ್ದೀರಾ? ಎರಡು ಕಡೆ ನಿಲ್ಲಿ

ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ ವೇದಿಕೆ ಹತ್ತಿದರೆ ಸುಮ್ನೆ ನಿಂತು ಹಾಡುವವರಲ್ಲ. ಹಾಡುಗಾರ ವಾಸು ದೀಕ್ಷಿತ್ ಸೊಂಟಕ್ಕೆ ಕುದುರೆ ವೇಷ ಕಟ್ಟಿಕೊಂಡು ಕುಣಿಯುವುದೂ ಉಂಟು, ಆ ಕಡೆ ಪಿಟೀಲು, ಈ ಕಡೆ ಗಿಟಾರು, ಹಿಂದೆ ಡ್ರಮ್ಸ್, ಎಲ್ಲ ಸೇರಿ ಎದೆಗೆ ಬಡಿಯುತ್ತೆ. ಮೊಬೈಲಿನಲ್ಲಿ ಕೇಳಿದಾಗ ಇದು ಸಿಗಲ್ಲ.

ಹೋಗುವ ಮುಂಚಿನ ವಾರ ಹಾಡು ಕೇಳಿಕೊಳ್ಳಿ. 2009ರ ಮೊದಲ ಆಲ್ಬಂ, 2012ರ 'ಟೋಪಿವಾಲೆ', ಇಷ್ಟು ಸಾಕು. ಮೊದಲನೆಯದರಲ್ಲಿ ಕನ್ನಡದ 'ಈ ಭೂಮಿ' ಇದೆ. ಸಾಲು ಬಾಯಿಗೆ ಬಂದಿದ್ದರೆ ಜೊತೆಗೆ ಹಾಡಬಹುದು, ಅರ್ಧ ಮಜಾ ಇರುವುದೇ ಅಲ್ಲಿ.

ಬಯಲಿನ ಕಾರ್ಯಕ್ರಮವಾದರೆ ಹೊತ್ತಿಗೆ ಮುಂಚೆ ಹೋಗಿ. ರಾತ್ರಿ 10ರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ಹಾಗಾಗಿ ಶುರುವಾಗುವುದು ತಡವಾದರೆ ಕತ್ತರಿ ಬೀಳುವುದು ಹಾಡುಗಳಿಗೇ.

ಈಗ ನಿಲ್ಲುವ ಜಾಗ. ನಾನು ಹೇಳಬೇಕೆಂದಿದ್ದು ಇದನ್ನೇ. ಮೊದಲ ಎರಡು ಮೂರು ಹಾಡಿಗೆ ಸೌಂಡ್ ಎಂಜಿನಿಯರ್ ಕೂತಿರುವ ಮಿಕ್ಸರ್ ಟೇಬಲ್ಲಿನ ಆಸುಪಾಸು ನಿಲ್ಲಿ. ಅವರು ತಮ್ಮ ಕಿವಿಗೆ ಹೇಗೆ ಕೇಳಿಸುತ್ತದೋ ಹಾಗೆ ಹದ ಮಾಡುತ್ತಾರೆ, ಅದಕ್ಕೇ ಮಾತು, ಪಿಟೀಲು, ಬೇಸ್ (ತಗ್ಗಿನ ದಪ್ಪ ಸ್ವರ) ಎಲ್ಲವೂ ಬಿಡಿಬಿಡಿಯಾಗಿ ಕೇಳುವುದು ಅಲ್ಲೇ. ಗೋಡೆಗೆ ಒರಗಬೇಡಿ, ಅಲ್ಲಿ ಬೇಸ್ ಗುಡ್ಡೆ ಬೀಳುತ್ತೆ. ಆಮೇಲೆ ನಿಧಾನಕ್ಕೆ ಮುಂದಕ್ಕೆ ಸರಿಯಿರಿ. ವೇದಿಕೆಯ ಬುಡದಲ್ಲಿ ಸೌಂಡ್ ಅಷ್ಟು ಚೆನ್ನಾಗಿರಲ್ಲ, ದೊಡ್ಡ ಸ್ಪೀಕರ್‌ಗಳು ನಮ್ಮ ತಲೆ ಮೇಲಿಂದ ಹಿಂದಿನವರ ಕಡೆ ತಿರುಗಿರುವುದರಿಂದ ಡ್ರಮ್ಸ್ ಮತ್ತು ಗಿಟಾರಿನ ಆಂಪ್ (ಗಿಟಾರಿನ ಸದ್ದು ಹೊರಡಿಸುವ ಪೆಟ್ಟಿಗೆ) ನೇರವಾಗಿ ಹೊಡೆದು ಹಾಡಿನ ಮಾತು ಮುಳುಗಿಹೋಗುತ್ತದೆ. ಆದರೂ ಹೋಗಿ! ಬೆವರು, ಕುಣಿತ, ಹಾಡುವವರ ಕಣ್ಣು ಕಾಣುವುದು ಅಲ್ಲಿಂದಲೇ. ಮಾತು ಮೊದಲೇ ಬಾಯಿಪಾಠ ಆಗಿದ್ದರೆ ಮುಳುಗಿದ್ದೂ ಕೇಳಿಸುತ್ತೆ, ಅಲ್ವಾ?

ಮುಂದೆ ಹೋಗುವ ಮೊದಲು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಹತ್ತಿ ಸಾಲದು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಒಂದು ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ, 100 ತಲುಪುವ ಹೊತ್ತಿಗೆ ಉಳಿಯುವುದು ಬರೀ 15 ನಿಮಿಷ, ರಾಕ್ ಶೋನಲ್ಲಿ 100 ಏನೂ ಅಪರೂಪವಲ್ಲ. ಒಮ್ಮೆ ಪ್ಲಗ್ ಇಲ್ಲದೆ ಸ್ಪೀಕರ್ ಪಕ್ಕ ನಿಂತು ಎರಡು ದಿನ ಕಿವಿ ಗುಂಯ್‌ಗುಟ್ಟಿದ್ದು ನನಗಿನ್ನೂ ನೆನಪಿದೆ. ಫೋಮ್ ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ಹಾಕಿ, ಉಬ್ಬುವವರೆಗೆ ಒತ್ತಿ ಹಿಡಿಯಿರಿ.

ಫೋನ್ ಜೇಬಿನಲ್ಲಿರಲಿ. ಒಂದು ಹಾಡು ರೆಕಾರ್ಡ್ ಮಾಡಿ, ಸಾಕು. ಮುಗಿದ ಮೇಲೆ ಬ್ಯಾಂಡಿನ ಟೀ ಶರ್ಟ್ ಮಾರಾಟಕ್ಕಿದ್ದರೆ ಕೊಳ್ಳಿ, ಹಿಂದೆ ದೊಡ್ಡ ಕಂಪನಿ ಇಲ್ಲದ ಬ್ಯಾಂಡುಗಳಿಗೆ ಆ ದುಡ್ಡು ನಿಜಕ್ಕೂ ಬೇಕು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಹೆಡ್‌ಫೋನ್ ಬೇಡ, ಕಿವಿಗೆ ಆ ರಾತ್ರಿ ವಿಶ್ರಾಂತಿ ಕೊಡಿ.