ಪುಟ್ಟ ಮಕ್ಕಳ ಕಲಿಕೆಗಾಗಿ ಟಿವಿ ಕಾರ್ಯಕ್ರಮ ರೂಪಿಸುವ ವೃತ್ತಿ: ಎಲ್ಲಿಂದ ಆರಂಭಿಸಬೇಕು?

ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗಾಗಿ ಟಿವಿ ಕಾರ್ಯಕ್ರಮ ಮಾಡಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಒಂದು ಮುದ್ದಾದ ಪ್ರಾಣಿಯ ಚಿತ್ರ ಬರೆಯುತ್ತಾರೆ, ಅದಕ್ಕೊಂದು ಹೆಸರಿಡುತ್ತಾರೆ, ಶೀರ್ಷಿಕೆ ಗೀತೆಯನ್ನೂ ಹೊಸೆದುಬಿಡುತ್ತಾರೆ. ಪಾತ್ರವೂ ಬೇಕು, ಹಾಡೂ ಬೇಕು. ಆದರೆ ಮೂರು ವರ್ಷದ ಮಗುವಿಗೆ ಏನು ಅರ್ಥವಾಗುತ್ತದೆ, ಅದೇ ವಿಷಯ ಐದು ವರ್ಷದ ಮಗುವಿಗೆ ಹೇಗೆ ಕಾಣುತ್ತದೆ ಎಂಬ ತಿಳಿವಳಿಕೆ ಇಲ್ಲದೆ ಇವೆರಡೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಒಂದೆರಡು ವರ್ಷ ಮಕ್ಕಳ ನಡುವೆ ಕಳೆಯುವುದು ಒಳ್ಳೆಯದು: ಶಿಶುವಿಹಾರದಲ್ಲಿ ಸಹಾಯಕರಾಗಿ, ಗ್ರಂಥಾಲಯದಲ್ಲಿ ಕಥೆ ಓದುವವರಾಗಿ, ಬೊಂಬೆಯಾಟದವರಾಗಿ, ಯಾವ ರೂಪದಲ್ಲಾದರೂ ಸರಿ. ಮಕ್ಕಳ ಬೆಳವಣಿಗೆಯ ಮನೋವಿಜ್ಞಾನವನ್ನು ಕ್ರಮವಾಗಿ ಓದಿದ್ದರೆ ಇನ್ನೂ ಅನುಕೂಲ. 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಕಾರ್ಯಕ್ರಮದ ಸೃಷ್ಟಿಕರ್ತರಲ್ಲಿ ಒಬ್ಬರಾದ ಏಂಜೆಲಾ ಸ್ಯಾಂಟೊಮೆರೊ ಆ ವಿಷಯದಲ್ಲೇ ಸ್ನಾತಕೋತ್ತರ ಪದವಿ ಪಡೆದವರು. ಅದನ್ನು ಪ್ರಸಾರ ಮಾಡಿದ ಚಾನೆಲ್‌ನಲ್ಲಿ ಅವರ ಕೆಲಸ ಆರಂಭವಾದದ್ದೂ ಸಂಶೋಧನೆಯಿಂದಲೇ.

ಉದ್ಯಮದೊಳಗೆ ಕಾಲಿಡುವ ಬಾಗಿಲುಗಳು ಚಿಕ್ಕವು. ಬರಹಗಾರರ ತಂಡದ ಸಹಾಯಕ, ಸ್ಕ್ರಿಪ್ಟ್ ಸಂಯೋಜಕ, ಸಂಶೋಧನಾ ಸಹಾಯಕ, ಸ್ಟೋರಿಬೋರ್ಡ್ (ದೃಶ್ಯಗಳನ್ನು ಒಂದೊಂದಾಗಿ ಬರೆದು ತೋರಿಸುವ ಚಿತ್ರಸರಣಿ) ಕಲಾವಿದ, ಇವುಗಳಲ್ಲಿ ಯಾವುದು ಸಿಕ್ಕಿದರೂ ಹಿಂಜರಿಯಬಾರದು. ಅಲ್ಲಿಂದ ಬಿಡಿ ಕಂತುಗಳನ್ನು ಬರೆಯುವವರಾಗಿ, ಮುಖ್ಯ ಬರಹಗಾರರಾಗಿ ಬೆಳೆದ ಮೇಲೆ ಸ್ವಂತ ಕಲ್ಪನೆಯನ್ನು ಒಯ್ದರೆ ಕೇಳುವ ಕಿವಿಗಳು ಹೆಚ್ಚು.

ಕಾರ್ಯಕ್ರಮ ರೂಪಿಸಲು ಕುಳಿತಾಗ ಮೊದಲು ಬರೆಯಬೇಕಾದದ್ದು ಕಲಿಕೆಯ ಗುರಿ. ಒಂದು ಕಂತಿಗೆ ಒಂದೇ ಗುರಿ ಸಾಕು, ಮತ್ತು ಅದು ಮಗುವಿನ ನಡೆನುಡಿಯಲ್ಲಿ ಕಾಣುವಂಥದ್ದಾಗಿರಬೇಕು. ‘ಈ ಕಂತು ತಾಳ್ಮೆಯನ್ನು ಕಲಿಸುತ್ತದೆ’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ‘ಜಾರುಬಂಡೆಯ ಬಳಿ ತನ್ನ ಸರದಿಗೆ ಕಾಯುವಾಗ ಮಾಡಬಹುದಾದ ಒಂದು ಕೆಲಸವನ್ನು ಮಗು ಹೇಳಬಲ್ಲದು’ ಎಂದು ಬರೆದಾಗ ಕಥೆ ಎಲ್ಲಿ ನಡೆಯಬೇಕು, ತೊಡಕು ಯಾವುದು, ಹಾಡು ಯಾವುದರ ಬಗ್ಗೆ ಇರಬೇಕು ಎಂಬುದೆಲ್ಲ ತಾನಾಗಿ ಗೋಚರಿಸತೊಡಗುತ್ತದೆ. ಇಲ್ಲಿ ಹೊಸಬರು ಬೀಳುವ ಗುಂಡಿಯೊಂದಿದೆ. ಹತ್ತು ನಿಮಿಷ ಇಬ್ಬರು ಗೆಳೆಯರನ್ನು ಜಗಳವಾಡಿಸಿ, ಕೊನೆಯ ಅರ್ಧ ನಿಮಿಷದಲ್ಲಿ ರಾಜಿ ಮಾಡಿಸಿ, ನೀತಿ ಹೇಳಿ ಮುಗಿಸುತ್ತಾರೆ. ದೊಡ್ಡವರು ಕೊನೆಯಿಂದ ಹಿಂದಕ್ಕೆ ನೋಡಿ ಅರ್ಥ ಜೋಡಿಸಿಕೊಳ್ಳುತ್ತಾರೆ. ಪುಟ್ಟ ಮಕ್ಕಳಿಗೆ ಆ ಜೋಡಣೆ ಕಷ್ಟ, ಹಾಗಾಗಿ ಅವರಿಗೆ ನೆನಪುಳಿಯುವುದು ಜಗಳ ಮತ್ತು ಅಲ್ಲಿ ಬಳಸಿದ ಬಿರುಸು ಮಾತು. ಪರಿಹಾರವನ್ನು ಹುಡುಕುವ ಭಾಗಕ್ಕೇ ಹೆಚ್ಚಿನ ಸಮಯ ಸಲ್ಲಬೇಕು.

ಇನ್ನು ಮಕ್ಕಳ ಮುಂದಿಟ್ಟು ನೋಡುವ ಪರೀಕ್ಷೆ. ಈ ವೃತ್ತಿಯನ್ನು ಬೇರೆಲ್ಲ ಬರವಣಿಗೆಯಿಂದ ಬೇರ್ಪಡಿಸುವುದು ಇದೇ ಎಂದು ನಾನು ನಂಬಿದ್ದೇನೆ. 1969ರ ನವೆಂಬರ್ 10ರಂದು ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಪ್ರಸಾರ ಆರಂಭಿಸುವ ಮುನ್ನ ಅದರ ಸಂಶೋಧಕ ಎಡ್ವರ್ಡ್ ಪಾಮರ್ ಟಿವಿಯ ಪಕ್ಕದಲ್ಲಿ ಇನ್ನೊಂದು ಪರದೆಯಿಟ್ಟು, ಅದರಲ್ಲಿ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುವ ಸ್ಲೈಡ್‌ಗಳನ್ನು ತೋರಿಸುತ್ತ, ಮಗುವಿನ ಕಣ್ಣು ಯಾವ ಕ್ಷಣದಲ್ಲಿ ಕಾರ್ಯಕ್ರಮವನ್ನು ಬಿಟ್ಟು ಆ ಕಡೆ ಹೊರಳುತ್ತದೆ ಎಂದು ದಾಖಲಿಸುತ್ತಿದ್ದರು. ಆ ವರ್ಷದ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಸಿದ ಪರೀಕ್ಷೆಯಲ್ಲಿ ಬೊಂಬೆಗಳಿದ್ದಾಗ ನೆಟ್ಟ ನೋಟ, ಕಾರ್ಯಕ್ರಮದ ಕಥೆ ನಡೆಯುವ ಬೀದಿಯಲ್ಲಿ ಮನುಷ್ಯರಷ್ಟೇ ಮಾತನಾಡುವಾಗ ಸಡಿಲವಾಗುತ್ತಿರುವುದು ಕಂಡಿತು. ಕಲ್ಪನೆಯನ್ನೂ ವಾಸ್ತವವನ್ನೂ ಬೆರೆಸಬಾರದೆಂದು ತಜ್ಞರು ಸಲಹೆ ಕೊಟ್ಟಿದ್ದರೂ ತಂಡವು ಮಕ್ಕಳ ಕಣ್ಣನ್ನೇ ನಂಬಿ ಬೊಂಬೆಗಳನ್ನು ಬೀದಿಗೆ ತಂದಿತು. ಬಿಗ್ ಬರ್ಡ್ ಎಂಬ ದೈತ್ಯ ಹಕ್ಕಿಯ ಬೊಂಬೆ ಆ ಬೀದಿಯ ನಿವಾಸಿಯಾದದ್ದು ಹಾಗೆ. ಅದೇ ಕಾರ್ಯಕ್ರಮ 1992ರಲ್ಲಿ ತಂದೆತಾಯಿಯರ ವಿಚ್ಛೇದನದ ಬಗ್ಗೆ ಕಂತೊಂದನ್ನು ಪೂರ್ತಿ ಚಿತ್ರೀಕರಿಸಿ, ನೋಡಿದ ಮಕ್ಕಳು ತಪ್ಪಾಗಿ ತಿಳಿದು ಕಳವಳಗೊಂಡದ್ದರಿಂದ ಪ್ರಸಾರ ಮಾಡದೆ ಎತ್ತಿಟ್ಟಿತು. ಖರ್ಚು ಮಾಡಿ ಮುಗಿಸಿದ ಕೆಲಸವನ್ನು ಹೀಗೆ ಬದಿಗಿಡಲು ಮನಸ್ಸಿಲ್ಲದವರಿಗೆ ಈ ಕ್ಷೇತ್ರ ಒಗ್ಗುವುದು ಕಷ್ಟ.

ನಿಮಗೆ ಪ್ರಯೋಗಾಲಯ ಬೇಕಿಲ್ಲ. ಶಿಶುವಿಹಾರದ ಮತ್ತು ಪೋಷಕರ ಒಪ್ಪಿಗೆ ಪಡೆದು, ಸ್ಟೋರಿಬೋರ್ಡ್ ಚಿತ್ರಗಳನ್ನು ಚಿತ್ರಪುಸ್ತಕದಂತೆ ಒಂದೊಂದಾಗಿ ತಿರುವುತ್ತ ನಾಲ್ಕೈದು ಮಕ್ಕಳಿಗೆ ಕಥೆ ಹೇಳಿ. ಇನ್ನೊಬ್ಬರು ಬದಿಯಲ್ಲಿ ಕುಳಿತು ಬರೆದುಕೊಳ್ಳಲಿ. ಯಾವ ಪುಟದಲ್ಲಿ ಮಗು ಚಪ್ಪಲಿಯ ಪಟ್ಟಿ ಎಳೆಯತೊಡಗಿತು, ಎಲ್ಲಿ ತುಟಿ ಆಡಿಸಿತು, ಎಲ್ಲಿ ಎದ್ದು ಬಂದು ಚಿತ್ರಕ್ಕೆ ಬೆರಳಿಟ್ಟಿತು ಎಂಬುದೆಲ್ಲ ಬೇಕು. ‘ಚೆನ್ನಾಗಿತ್ತಾ?’ ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಮಕ್ಕಳು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ‘ಈಗ ಆ ಮರಿ ಏನು ಮಾಡಬೇಕು?’ ಎಂದು ಕೇಳಿ.

ಸ್ಕ್ರಿಪ್ಟಿನಲ್ಲಿ ಮೌನಕ್ಕೂ ಜಾಗವಿರಬೇಕು. ‘ಬ್ಲೂಸ್ ಕ್ಲೂಸ್’ನ ನಿರೂಪಕ ಪ್ರಶ್ನೆ ಕೇಳಿ, ಮನೆಯಲ್ಲಿರುವ ಮಗು ಉತ್ತರಿಸುವಷ್ಟು ಹೊತ್ತು ಕಾಯುತ್ತಿದ್ದ, ದೊಡ್ಡವರಿಗೆ ಅಸಹನೀಯವೆನಿಸುವ ಆ ಬಿಡುವೇ ಮಗುವನ್ನು ಕಾರ್ಯಕ್ರಮದೊಳಗೆ ಸೇರಿಸಿಕೊಳ್ಳುತ್ತಿತ್ತು. ಒಂದೇ ಕಂತನ್ನು ವಾರದ ಐದು ದಿನವೂ ಮರುಪ್ರಸಾರ ಮಾಡುತ್ತಿದ್ದರು, ಮತ್ತು ಪದೇ ಪದೇ ನೋಡಿದಷ್ಟೂ ಮಕ್ಕಳ ಗ್ರಹಿಕೆ ಹೆಚ್ಚಿತೆಂದು ಸಂಶೋಧನೆ ತೋರಿಸಿತು. ಆದ್ದರಿಂದ ಐದನೆಯ ಬಾರಿ ನೋಡುವ ಮಗುವನ್ನು ನೆನಪಿನಲ್ಲಿಟ್ಟು ಬರೆಯಿರಿ.

ಚಾನೆಲ್ ಅಥವಾ ನಿರ್ಮಾಣ ಸಂಸ್ಥೆಯ ಮುಂದೆ ಕಲ್ಪನೆಯನ್ನು ಮಂಡಿಸಲು ‘ಬೈಬಲ್’ ಎಂದು ಕರೆಯುವ ಕೈಪಿಡಿ ಬೇಕಾಗುತ್ತದೆ. ಕಾರ್ಯಕ್ರಮದ ಸಾರ, ವಯೋಮಿತಿ, ಕಲಿಕೆಯ ಚೌಕಟ್ಟು, ಪಾತ್ರಗಳು, ಹತ್ತು ಹನ್ನೆರಡು ಕಂತುಗಳ ಸಂಕ್ಷಿಪ್ತ ಕಥೆ ಮತ್ತು ಒಂದು ಪೂರ್ತಿ ಸ್ಕ್ರಿಪ್ಟ್ ಅದರಲ್ಲಿರಲಿ. ಅನಿಮೇಷನ್‌ನಲ್ಲಿ ತಲಾ 11 ನಿಮಿಷದ 52 ಕಂತುಗಳ ಸರಣಿ ಸಾಮಾನ್ಯ ಅಳತೆಯಾದ್ದರಿಂದ, ನಿಮ್ಮ ಕಲ್ಪನೆ 52 ಕಥೆಗಳನ್ನು ತಾಳಿಕೊಳ್ಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮಕ್ಕಳೊಂದಿಗೆ ಮಾಡಿದ ಪರೀಕ್ಷೆಯ ಟಿಪ್ಪಣಿಗಳನ್ನೂ ಎರಡು ಪುಟಗಳಲ್ಲಿ ಸೇರಿಸಿದರೆ ಬಣ್ಣದ ಚಿತ್ರಗಳಿಗಿಂತ ಹೆಚ್ಚು ತೂಕ ಬರುತ್ತದೆ.

ಒಪ್ಪಿಗೆ ಸಿಕ್ಕಿದ ಸಂತೋಷದಲ್ಲಿ ಒಪ್ಪಂದಕ್ಕೆ ಸಹಿ ಹಾಕಿಬಿಡಬೇಡಿ. ಪಾತ್ರಗಳ ಹಕ್ಕು ಯಾರದು, ಆಟಿಕೆ ಮತ್ತು ಪುಸ್ತಕಗಳ ಆದಾಯದಲ್ಲಿ ನಿಮ್ಮ ಪಾಲೆಷ್ಟು, ‘ಸೃಷ್ಟಿ’ ಎಂಬುದರ ಜೊತೆ ನಿಮ್ಮ ಹೆಸರು ಪ್ರತಿ ಕಂತಿನಲ್ಲೂ ಕಾಣುತ್ತದೆಯೇ, ನಿಗದಿತ ಅವಧಿಯಲ್ಲಿ ನಿರ್ಮಾಣ ಆರಂಭವಾಗದಿದ್ದರೆ ಹಕ್ಕು ನಿಮಗೆ ಮರಳುತ್ತದೆಯೇ ಎಂಬುದನ್ನು ಮನರಂಜನಾ ಉದ್ಯಮದ ಒಪ್ಪಂದಗಳನ್ನು ಬಲ್ಲ ವಕೀಲರಿಂದ ಓದಿಸಿ. ಶಿಕ್ಷಣ ಸಲಹೆಗಾರರ ಸಂಬಳವನ್ನೂ ಮಕ್ಕಳೊಂದಿಗಿನ ಪರೀಕ್ಷೆಯ ಖರ್ಚನ್ನೂ ಬಜೆಟ್‌ನಲ್ಲಿ ಹೆಸರಿಸಿ ಬರೆಸಿಕೊಳ್ಳಿ. ಹಣ ಕಡಿಮೆಬಿದ್ದಾಗ ಮೊದಲು ಕತ್ತರಿ ಬೀಳುವುದು ಅವೆರಡಕ್ಕೇ.