ಬದಿಯಡ್ಕದ ಡಿಟಿಪಿ ಅಂಗಡಿಗೆ ಒಗ್ಗಿದ ಲಿನಕ್ಸ್

"ನೀನು ಅಂಗಡಿ ನಡೆಸುವುದೋ, ಕಂಪ್ಯೂಟರ್ ಬಿಚ್ಚಿ ಕೂರುವುದೋ ಮಾರಾಯ?" ಎಂದು ಪರಿಚಯದ ಪ್ರೆಸ್ಸಿನವರು ಕೇಳಿ ಮೂರು ವರ್ಷವಾಯಿತು. ಮೊನ್ನೆ ಅವರ ಎರಡು ಯಂತ್ರಗಳಿಗೂ ಲಿನಕ್ಸ್, ಅಂದರೆ ವಿಂಡೋಸಿನ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯನ್ನು, ನಾನೇ ಹಾಕಿಕೊಟ್ಟೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಅಂಗಡಿ. ನಾಲ್ಕು ಡೆಸ್ಕ್‌ಟಾಪ್, ಫೈಲ್ ಇಡಲು ಒಂದು ಹಳೆಯ ಯಂತ್ರ, ಅದೇ ಸರ್ವರ್. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ನೋಟೀಸು. ಎಷ್ಟೋ ಸಲ ಒಂದೇ ಹಾಳೆಯಲ್ಲಿ ಕನ್ನಡವೂ ಮಲಯಾಳವೂ.

ಲಿನಕ್ಸಿನಲ್ಲಿ ಡಿಸ್ಟ್ರೊ ಎನ್ನುವ ಹಲವು ಬಗೆಗಳಿವೆ. ಮೊದಲು ಹಾಕಿದ್ದು ಸದಾ ಅಪ್‌ಡೇಟ್ ಆಗುತ್ತಲೇ ಇರುವ ಆರ್ಚ್. ಎರಡು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟು, ಮದುವೆ ಸೀಸನ್ನಿನ ಒಂದು ಬೆಳಿಗ್ಗೆ ಸೂಚನೆಯನ್ನೂ ಓದದೆ ಮಾಡಿದೆ. ಯಂತ್ರ ಏಳಲೇ ಇಲ್ಲ. ನಾನ್ನೂರು ಕಾಗದದ ಕೆಲಸ ಬೇರೆಯವರ ಪಾಲಾಯಿತು, ಐದು ಸಾವಿರದ ಹತ್ತಿರ ನಷ್ಟ. ಆಮೇಲೆ ಫೆಡೋರಾ. ಕನ್ನಡ ಬಹಳ ಚೆನ್ನಾಗಿ ಮೂಡುತ್ತಿತ್ತು. ಆದರೆ ಒಂದೊಂದು ಆವೃತ್ತಿಗೆ ಬೆಂಬಲ ಸುಮಾರು 13 ತಿಂಗಳು. ನಾಲ್ಕು ಯಂತ್ರಕ್ಕೂ ಮತ್ತೆ ಮತ್ತೆ ಹೊಸ ಆವೃತ್ತಿ ಇಳಿಸುತ್ತ ಕೂರುವಷ್ಟು ಪುರುಸೊತ್ತು ಅಂಗಡಿಯವನಿಗೆಲ್ಲಿದೆ?

ಕೊನೆಗೆ ನಿಂತದ್ದು ಮಿಂಟ್ 21ರ ಎಕ್ಸ್‌ಎಫ್‌ಸಿಇಯಲ್ಲಿ, ಅಂದರೆ ಅದರ ಹಗುರ ಪರದೆಯ ರೂಪದಲ್ಲಿ. ಉಬುಂಟು 22.04ರ ತಳಹದಿ, 2027ರ ತನಕ ಚಿಂತೆಯಿಲ್ಲ. ಸರ್ವರಿಗೆ ಡೆಬಿಯನ್ 12. ಎರಡರಲ್ಲೂ ತಂತ್ರಾಂಶ ಹಾಕುವ ಸಾಧನ ಅದೇ ಆಪ್ಟ್, ಕೈಗೆ ಒಂದೇ ರೂಢಿ ಸಾಕು. ವೇಗದ ಡಿಸ್ಕಾದ ಎಸ್‌ಎಸ್‌ಡಿ ನಾಲ್ಕಕ್ಕೆ ಏಳು ಸಾವಿರದ ಒಳಗೆ ಮುಗಿಯಿತು.

ದುಡ್ಡು ತಿಂದದ್ದು ಪ್ರಿಂಟರ್. ಹಳೆಯ ಲೇಸರಿಗೆ ಅದರದ್ದೇ ಡ್ರೈವರ್ ಬೇಕು, ಅದಕ್ಕೆ 32 ಬಿಟ್‌ನ ಲೈಬ್ರರಿಗಳು ಬೇಕು. ಮೂರು ರಾತ್ರಿ ಗುದ್ದಾಡಿ, ಮಾರಿ, ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣದ ಸಾಮಾನ್ಯ ಭಾಷೆ ಅರಿಯುವ ಸೆಕೆಂಡ್ ಹ್ಯಾಂಡ್ ಪ್ರಿಂಟರ್ ತಂದೆ. ಎಂಟು ಸಾವಿರ ಆಗಿರಬೇಕು. ಡಿಸ್ಟ್ರೊ ಆರಿಸುವ ಮೊದಲೇ ಪ್ರಿಂಟರ್ ನೋಡಬೇಕಿತ್ತು.

"ಕೆಲಸಕ್ಕೆ ಜನ ಸಿಗಲಿಕ್ಕಿಲ್ಲ" ಎಂದು ಹೆದರಿಸಿದವರೂ ಇದ್ದರು. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೆಯದು ಮುಗಿಸಿ ಬಂದ ಹುಡುಗಿ ಮೊದಲ ದಿನವೇ ಇಂಕ್‌ಸ್ಕೇಪ್ ತೆರೆದು ಅಂಚಿನ ಬಳ್ಳಿ ಬಿಡಿಸಿದಳು. ನನ್ನ ಬೆರಳಿಗೆ ಬೇಕಿದ್ದುದು ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ; ಲಿನಕ್ಸಿನಲ್ಲಿ ಭಾಷೆ ಟೈಪಿಸಲು ಇರುವ ಐಬಸ್‌ಗೆ ಎಮ್17ಎನ್ ಎಂಬ ಕೀಲಿಮಣೆಗಳ ಕಟ್ಟು ಸೇರಿಸಿದರೆ ಸಿಕ್ಕಿತು. ಅಕ್ಷರಕ್ಕೆ ನವಿಲು, ಗುಬ್ಬಿ ಫಾಂಟ್.

ಹಳೆಯ ನುಡಿ ತಂತ್ರಾಂಶದಲ್ಲಿ ಮಾಡಿದ ಹತ್ತು ವರ್ಷದ ಫೈಲುಗಳನ್ನು ಎಲ್ಲೆಡೆ ನಡೆಯುವ ಯುನಿಕೋಡ್ ಸಂಕೇತಕ್ಕೆ ತಂದ ಕಥೆಯೇ ಬೇರೆ. ಹಳೆಯ ಪಠ್ಯದಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. "ಕಾರ್ಯಕ್ರಮ" ಎಂಬ ಪದವಿಲ್ಲದ ಆಮಂತ್ರಣ ಎಲ್ಲಿದೆ? ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದೆ. ಒತ್ತಕ್ಷರ ನಡುವೆ ಬಂದಾಗ ಮಾಡುವ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ತಿಂಗಳು ತೆತ್ತಿದ್ದೇನೆ.

ಸರ್ವರಿನಲ್ಲಿ 2 ಜಿಬಿ ರ‍್ಯಾಮ್, ಚಿತ್ರಮಯ ಪರದೆ ಹಾಕಿಲ್ಲ, ಫೈಲು ಹಂಚುವ ಸಾಂಬಾ ಅಷ್ಟೆ. ರಾತ್ರಿ ಆರ್‌ಸಿಂಕ್ ಹೊರಗಿನ ಡಿಸ್ಕಿಗೆ ನಕಲು ಮಾಡುತ್ತದೆ. ಕರೆಂಟು ಬಂದೊಡನೆ ತಾನೇ ಏಳುವಂತೆ ಬಯೋಸ್‌ನಲ್ಲಿ ಹೊಂದಿಸಿದ್ದೇನೆ. ಕಳೆದ ತುಲಾ ತಿಂಗಳ ಸಿಡಿಲಿಗೆ ನೆಟ್‌ವರ್ಕ್ ಸ್ವಿಚ್ ಸುಟ್ಟಿತು. ಫೈಲು ಒಂದೂ ಹೋಗಲಿಲ್ಲ. ಈಗ ಒಂದು ಯಂತ್ರದಲ್ಲಿ ಮಿಂಟ್ 22 ಹಾಕಿ ನೋಡುತ್ತಿದ್ದೇನೆ, ಉಳಿದ ಮೂರನ್ನು ಮದುವೆ ಸೀಸನ್ ಮುಗಿಯುವ ತನಕ ಮುಟ್ಟುವುದಿಲ್ಲ.