ಕಪ್ಪೆಯ ನರತುದಿಯಲ್ಲಿ ಕ್ಯಾಲ್ಸಿಯಂ ಬೆನ್ನು ಹತ್ತಿದ ದಿನಗಳು

ನರಕ್ಕೆ ಶಾಕ್ ಕೊಟ್ಟೆ. ಸ್ಕ್ರೀನ್ ಮೇಲಿನ ಗೆರೆ ಅಲುಗಲಿಲ್ಲ. ಎರಡು ಸೆಕೆಂಡ್ ಬಿಟ್ಟು ಇನ್ನೊಂದು ಶಾಕ್. ಆಗಲೂ ಏನೂ ಇಲ್ಲ. ಮೂರನೆಯದಕ್ಕೆ ಗೆರೆ ಸಣ್ಣಗೆ ಉಬ್ಬಿತು, ಸುಮಾರು ಅರ್ಧ ಮಿಲಿವೋಲ್ಟ್. ನಾಲ್ಕನೆಯದಕ್ಕೆ ಹೆಚ್ಚುಕಡಿಮೆ ಅದರ ಎರಡರಷ್ಟು. ಐದನೆಯದು ಮತ್ತೆ ಖಾಲಿ.

ಸೊನ್ನೆ, ಒಂದು, ಎರಡು ಅಂತ ಬೆರಳು ಮಡಚಿ ಎಣಿಸುವ ಹಾಗೆ ಬರುತ್ತಿದ್ದ ಈ ಉಬ್ಬುಗಳನ್ನು ಮೊದಲ ಸಲ ನೋಡಿದ ಸಂಜೆ ನನಗೆ ಇನ್ನೂ ನೆನಪಿದೆ. ಒಂದು ಉಬ್ಬು ಅಂದರೆ ನರತುದಿಯೊಳಗಿನ ಒಂದು ಪುಟ್ಟ ಚೀಲ ಒಡೆದು, ಅದರೊಳಗಿದ್ದ ಸಂದೇಶವಾಹಕ ರಾಸಾಯನಿಕ ಅಸೆಟೈಲ್‌ಕೋಲಿನ್ ಸ್ನಾಯುವಿನ ಮೇಲೆ ಚೆಲ್ಲಿತು ಅಂತ. ಆ ಚೀಲದ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣದ ಚೀಲವನ್ನು ಕಣ್ಣೆದುರು ಒಂದೊಂದಾಗಿ ಎಣಿಸಬಹುದು. ಡೆಲ್ ಕಾಸ್ಟಿಯೋ ಮತ್ತು ಬರ್ನಾರ್ಡ್ ಕಾಟ್ಜ್ 1954ರಲ್ಲಿ ಇದೇ ಲೆಕ್ಕವನ್ನು ಕಪ್ಪೆಯ ಸ್ನಾಯುವಿನಲ್ಲೇ ತೋರಿಸಿದ್ದರು. ಓದಿ ಗೊತ್ತಿತ್ತು. ನೋಡಿದಾಗ ಬೇರೆಯೇ ಅನಿಸಿತು.

ನಾನು ಬಳಸಿದ್ದು ಕಪ್ಪೆಯ ಎದೆಭಾಗದ ತೆಳ್ಳನೆಯ ಸ್ನಾಯು. ಕೆಳಗಿನಿಂದ ಬೆಳಕು ಬಿಟ್ಟರೆ ನರದ ಕವಲುಗಳು ಚೆನ್ನಾಗಿ ಕಾಣುತ್ತವೆ. ಒಂದು ಪ್ರಾಣಿಯಿಂದ ಸಿಗುವುದು ಎರಡೇ ಸ್ನಾಯು, ಎಡಕ್ಕೊಂದು ಬಲಕ್ಕೊಂದು. ಹಾಗಾಗಿ ಒಂದನ್ನೂ ಸುಮ್ನೆ ಹಾಳು ಮಾಡಬಾರದು ಅನ್ನುವ ಎಚ್ಚರ ಮೊದಲ ದಿನದಿಂದಲೇ ಇತ್ತು. ಗಾಜಿನ ಸೂಜಿಯೊಳಗೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿ, ನರ ಮುಟ್ಟುವ ಜಾಗದ ಪಕ್ಕದಲ್ಲೇ ಸ್ನಾಯುವಿನ ಎಳೆಗೆ ಚುಚ್ಚುತ್ತೇವೆ. ವೋಲ್ಟೇಜ್ ಥಟ್ಟನೆ ಮೈನಸ್ 90 ಮಿಲಿವೋಲ್ಟ್ ಹತ್ತಿರ ಇಳಿದು ಅಲ್ಲೇ ನಿಂತರೆ ಸೂಜಿ ಸರಿಯಾಗಿ ಕೂತಿದೆ ಅಂತ ಅರ್ಥ.

ಸ್ನಾಯು ಕುಣಿದರೆ ಸೂಜಿ ಮುರಿಯುತ್ತದೆ. ಅದಕ್ಕೇ ದ್ರಾವಣದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿ ಮೆಗ್ನೀಸಿಯಂ ಜಾಸ್ತಿ ಹಾಕುತ್ತೇವೆ. ಚೀಲ ಒಡೆಸುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಅದಕ್ಕೆ ಅಡ್ಡ ಬರುತ್ತದೆ. ನೂರಾರು ಚೀಲ ಒಡೆಯಬೇಕಾದ ಕಡೆ ಒಂದೋ ಎರಡೋ ಒಡೆಯುತ್ತವೆ. ಸ್ನಾಯು ಕುಣಿಯುವುದಿಲ್ಲ, ಎಣಿಕೆಯೂ ಸುಲಭ. ಆ ಸಂಜೆ 200 ಶಾಕ್‌ಗಳಲ್ಲಿ 74 ಖಾಲಿ ಹೋದವು. ಖಾಲಿಗಳ ಲೆಕ್ಕದಿಂದಲೇ ಸರಾಸರಿ ಹೇಳಬಹುದು: ಶಾಕ್‌ಗೆ ಸುಮಾರು ಒಂದು ಚೀಲ.

ಆಮೇಲೆ ಒಂದು ವಾರ ಏನೂ ಸರಿ ಬರಲಿಲ್ಲ. ದಿನದಿಂದ ದಿನಕ್ಕೆ ಖಾಲಿಗಳು ಹೆಚ್ಚಾದವು. ನರ ಎಳೆಯುವಾಗ ಗಾಯ ಮಾಡುತ್ತಿದ್ದೇನೆ ಅಂದುಕೊಂಡು ಇನ್ನೂ ನಿಧಾನವಾಗಿ ಕತ್ತರಿಸಿದೆ. ಆದರೂ ಅದೇ ಕಥೆ. ಕೊನೆಗೆ ದ್ರಾವಣದ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ತೆಳ್ಳಗೆ ಬಿಳಿ ಪುಡಿ ಕಂಡಿತು. ಪಿಎಚ್ ಬದಲಾಗದಂತೆ ಹಿಡಿಯಲು ನಾನು ಫಾಸ್ಫೇಟ್ ಬಫರ್ ಬಳಸುತ್ತಿದ್ದೆ. ಕ್ಯಾಲ್ಸಿಯಂ ಹಾಕಿದ ಮೇಲೆ ಪಿಎಚ್ ಏರಿಸಿದ್ದೆ. ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳ ಸೇರಿತ್ತು. ನರತುದಿಗೆ ನಾನು ಅಂದುಕೊಂಡಷ್ಟು ಕ್ಯಾಲ್ಸಿಯಂ ಸಿಗುತ್ತಲೇ ಇರಲಿಲ್ಲ! ಹೆಪೆಸ್ ಬಫರ್‌ಗೆ ಬದಲಾದೆ. ಪಿಎಚ್ ಸರಿ ಮಾಡಿದ ಮೇಲೆ ಕೊನೆಯಲ್ಲಿ ಕ್ಯಾಲ್ಸಿಯಂ ಹಾಕುವ ಅಭ್ಯಾಸ ಮಾಡಿಕೊಂಡೆ. ಕ್ಯಾಲ್ಸಿಯಂ ಕ್ಲೋರೈಡ್ ಪುಡಿ ಗಾಳಿಯ ನೀರು ಹೀರುತ್ತದೆ, ತೂಕ ನಂಬುವಂತಿಲ್ಲ. ಆದ್ದರಿಂದ ಅಳೆದ 1 ಮೋಲಾರ್ ದ್ರಾವಣವನ್ನೇ ತರಿಸಿ ಬಳಸಿದೆ. ಈ ಕೆಲಸ ಶುರು ಮಾಡುವವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ.

ಇಷ್ಟು ಪುಡಿಗೆ ಅಷ್ಟು ದೊಡ್ಡ ವ್ಯತ್ಯಾಸ ಯಾಕೆ ಅಂತ ಆಮೇಲೆ ಅರ್ಥವಾಯಿತು. ಹೊರಗಿನ ಕ್ಯಾಲ್ಸಿಯಂ ಎರಡು ಪಟ್ಟು ಮಾಡಿದಾಗ ಒಡೆಯುವ ಚೀಲಗಳು ಎರಡು ಪಟ್ಟಾಗಲಿಲ್ಲ, ಸುಮಾರು 13 ಪಟ್ಟಾದವು. ಡಾಡ್ಜ್ ಮತ್ತು ರಹಮಿಮೋಫ್ 1967ರಲ್ಲಿ ಹೇಳಿದ್ದು ನಾಲ್ಕನೇ ಘಾತ, ಅಂದರೆ ಎರಡಕ್ಕೆ ಹದಿನಾರು. ನನ್ನ ಅಂಕಿ ಅದರ ಹತ್ತಿರವೇ ಬಂತು. ಚೀಲ ಒಡೆಯಲು ಒಂದು ಕ್ಯಾಲ್ಸಿಯಂ ಸಾಲದು, ಹಲವು ಒಟ್ಟಿಗೆ ಬಂದು ಕೂರಬೇಕು. ಅವು ಕೂರುವ ಜಾಗ ಚೀಲದ ಮೇಲಿರುವ ಸಿನಾಪ್ಟೋಟ್ಯಾಗ್ಮಿನ್ ಅನ್ನುವ ಪ್ರೋಟೀನ್. ಹಾಗೆ ಕೂತಾಗ, ಸ್ನೇರ್ ಪ್ರೋಟೀನ್‌ಗಳು ಮೊದಲೇ ಬಿಗಿದು ಹಿಡಿದಿದ್ದ ಚೀಲ ನರತುದಿಯ ಪೊರೆಗೆ ಬೆಸೆದುಕೊಳ್ಳುತ್ತದೆ.

ಹಾಗಾದರೆ ಅಷ್ಟು ಕ್ಯಾಲ್ಸಿಯಂ ಅಷ್ಟು ಬೇಗ ಎಲ್ಲಿಂದ ಬರುತ್ತದೆ? ಹೊರಗೆ ಮಾಮೂಲಿ ದ್ರಾವಣದಲ್ಲಿ 1.8 ಮಿಲಿಮೋಲಾರ್ ಇದ್ದರೆ, ನರತುದಿಯ ಒಳಗೆ ಅದರ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಬಾಗಿಲು ತೆರೆದರೆ ಸಾಕು, ನುಗ್ಗುತ್ತದೆ. ಆ ಬಾಗಿಲೇ ವೋಲ್ಟೇಜ್‌ಗೆ ತೆರೆಯುವ ಕ್ಯಾಲ್ಸಿಯಂ ಚಾನೆಲ್. ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ನರದ ವಿದ್ಯುತ್ ಅಲೆ ಏರುವಾಗ ಚಾನೆಲ್‌ಗಳು ಸ್ವಲ್ಪ ತಡವಾಗಿ ತೆರೆಯುತ್ತವೆ. ಅಲೆ ತುದಿಯಲ್ಲಿದ್ದಾಗ ಒಳಗೆಳೆಯುವ ಬಲವೂ ಕಡಿಮೆ. ಅಲೆ ಇಳಿಯುವಾಗ ಬಾಗಿಲು ಇನ್ನೂ ತೆರೆದಿರುತ್ತದೆ, ಎಳೆತವೂ ಜೋರಾಗುತ್ತದೆ. ಆಗಲೇ ಬಹುಪಾಲು ಕ್ಯಾಲ್ಸಿಯಂ ಒಳಗೆ ಬರುವುದು. ಸ್ಕ್ವಿಡ್‌ನ ದೈತ್ಯ ಸಿನಾಪ್ಸ್‌ನಲ್ಲಿ (ಎರಡು ನರಕೋಶಗಳು ಸೇರುವ ಜಾಗ) ಯಿನಾಸ್ ಮತ್ತು ಸಂಗಡಿಗರು ಇದನ್ನು ಅಳೆದಿದ್ದರು. ಕ್ಯಾಲ್ಸಿಯಂ ಬಂದು ಸುಮಾರು 0.2 ಮಿಲಿಸೆಕೆಂಡ್‌ಗೆಲ್ಲ ಆ ಕಡೆಯ ಕೋಶ ಉತ್ತರ ಕೊಡುತ್ತದೆ.

ಇಷ್ಟು ಬೇಗ ಆಗಬೇಕಾದರೆ ಚೀಲ ಬಾಗಿಲ ಪಕ್ಕದಲ್ಲೇ ಕಾದಿರಬೇಕು ಅಲ್ವಾ? ಅದನ್ನು ನಾನೇ ನೋಡಬೇಕು ಅನಿಸಿತು. ಕ್ಯಾಲ್ಸಿಯಂ ಹಿಡಿಯುವ ಎರಡು ರಾಸಾಯನಿಕಗಳಿವೆ, ಇಜಿಟಿಎ ಮತ್ತು ಬಾಪ್ಟಾ. ಹಿಡಿತ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಆದರೆ ಬಾಪ್ಟಾ ನೂರು ಪಟ್ಟಿಗೂ ಜಾಸ್ತಿ ವೇಗವಾಗಿ ಹಿಡಿಯುತ್ತದೆ. ಒಂದೇ ಕಪ್ಪೆಯ ಎರಡು ಸ್ನಾಯು ತೆಗೆದುಕೊಂಡು, ಒಂದರ ನರತುದಿಗೆ ಇಜಿಟಿಎ, ಇನ್ನೊಂದಕ್ಕೆ ಬಾಪ್ಟಾ ಸೇರಿಸಿದೆ. ಪೊರೆ ದಾಟಿ ಒಳಹೋಗುವ ರೂಪದಲ್ಲಿ ಎರಡೂ ಸಿಗುತ್ತವೆ. ಇಜಿಟಿಎ ಹಾಕಿದ ಕಡೆ, ಬಿಡಿ ಶಾಕ್‌ಗೆ ಒಡೆಯುವ ಚೀಲಗಳು ಹೆಚ್ಚೇನೂ ಕಡಿಮೆಯಾಗಲಿಲ್ಲ. ಬಾಪ್ಟಾ ಕಡೆ ಅರ್ಧ ಗಂಟೆಯಲ್ಲಿ ಖಾಲಿಗಳೇ ಖಾಲಿಗಳು. ಇಜಿಟಿಎ ಕೈ ಚಾಚುವಷ್ಟರಲ್ಲಿ ಕ್ಯಾಲ್ಸಿಯಂ ಚೀಲ ಮುಟ್ಟಿ ಆಗಿರುತ್ತದೆ. ಬಾಗಿಲಿಗೂ ಚೀಲಕ್ಕೂ ನಡುವೆ ಕೆಲವು ಹತ್ತು ನ್ಯಾನೋಮೀಟರ್ ಇದ್ದರಷ್ಟೇ ಇದು ಸಾಧ್ಯ. ಒಟ್ಟು ಎಷ್ಟು ಕ್ಯಾಲ್ಸಿಯಂ ಬಂತು ಅನ್ನುವುದಕ್ಕಿಂತ, ಎಲ್ಲಿ, ಯಾವ ಗಳಿಗೆಯಲ್ಲಿ ಬಂತು ಅನ್ನುವುದೇ ಇಲ್ಲಿ ಮುಖ್ಯ.

ಕೊನೆಯ ಪ್ರಯೋಗ ವಿಷದ್ದು. ಕೋನಸ್ ಜಿಯೋಗ್ರಾಫಸ್ ಅನ್ನುವ ಸಮುದ್ರದ ಶಂಖದ ಹುಳುವಿನ ವಿಷದಲ್ಲಿರುವ ಒಮೆಗಾ ಕೋನೋಟಾಕ್ಸಿನ್ ಜಿವಿಐಎ, ಕ್ಯಾಲ್ಸಿಯಂ ಚಾನೆಲ್‌ಗಳಲ್ಲಿ ಎನ್ ಅನ್ನುವ ಬಗೆಯನ್ನು ಮುಚ್ಚುತ್ತದೆ. ಕಪ್ಪೆಯ ಈ ನರತುದಿ ನಡೆಯುವುದೇ ಎನ್ ಬಗೆಯಿಂದ. ಇಲಿಯ ಸ್ನಾಯುವಿನ ನರತುದಿಯಲ್ಲಿ ಪಿ/ಕ್ಯೂ ಅನ್ನುವ ಇನ್ನೊಂದು ಬಗೆ ಕೆಲಸ ಮಾಡುತ್ತದೆ, ಅಲ್ಲಿ ಈ ವಿಷ ನಾಟುವುದಿಲ್ಲ, ಜೇಡದ ಒಮೆಗಾ ಅಗಾಟಾಕ್ಸಿನ್ ಬೇಕು. ಮನುಷ್ಯರಲ್ಲೂ ಪಿ/ಕ್ಯೂ ಬಗೆಯೇ. ಲ್ಯಾಂಬರ್ಟ್-ಈಟನ್ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ ಆ ಚಾನೆಲ್ ಮೇಲೆ ದಾಳಿ ಮಾಡಿ ಸ್ನಾಯುವಿನ ಬಲ ಕುಗ್ಗಿಸುತ್ತವೆ.

ಕೋನೋಟಾಕ್ಸಿನ್ ಪ್ಲಾಸ್ಟಿಕ್ ಕೊಳವೆಗೆ ಅಂಟುತ್ತದೆ, ಅದಕ್ಕೆ ಸ್ವಲ್ಪ ಆಲ್ಬುಮಿನ್ ಪ್ರೋಟೀನ್ ಬೆರೆಸಬೇಕು. ಕಪ್ಪೆಯಲ್ಲಿ ಒಮ್ಮೆ ಹಿಡಿದರೆ ಎಷ್ಟು ತೊಳೆದರೂ ಬಿಡುವುದಿಲ್ಲ. ಆದ್ದರಿಂದ ದಿನದ ಕೊನೆಯ ಪ್ರಯೋಗವಾಗಿ ಇಟ್ಟುಕೊಂಡೆ. ಕೆಲವೇ ನಿಮಿಷಗಳಲ್ಲಿ ಶಾಕ್‌ಗೆ ಉತ್ತರ ನಿಂತೇಹೋಯಿತು. ನೂರು ಶಾಕ್, ನೂರೂ ಖಾಲಿ. ಆದರೆ ಶಾಕ್‌ಗಳ ನಡುವೆ, ಯಾರೂ ಕೇಳದೆ, ಅರ್ಧ ಮಿಲಿವೋಲ್ಟ್‌ನ ಒಂಟಿ ಉಬ್ಬುಗಳು ಬರುತ್ತಲೇ ಇದ್ದವು. ಫ್ಯಾಟ್ ಮತ್ತು ಕಾಟ್ಜ್ 1952ರಲ್ಲಿ ವಿವರಿಸಿದ್ದ ಅದೇ ಮಿನಿಗಳು. ಚೀಲಗಳಿದ್ದವು, ಒಳಗೆ ಅಸೆಟೈಲ್‌ಕೋಲಿನ್ ಇತ್ತು, ಸ್ನಾಯುವೂ ಚೆನ್ನಾಗಿತ್ತು. ಬಾಗಿಲು ಮಾತ್ರ ಮುಚ್ಚಿತ್ತು. ಸ್ಟಿಮ್ಯುಲೇಟರ್ ಆಫ್ ಮಾಡಿದೆ. ರೆಕಾರ್ಡಿಂಗ್ ಇನ್ನೂ ಒಂದು ಗಂಟೆ ಹಾಗೇ ಓಡಲು ಬಿಟ್ಟೆ. ಸೂಜಿ ಹೊರಗೆ ತೆಗೆಯುವವರೆಗೂ ಮಿನಿಗಳು ಸೆಕೆಂಡಿಗೆ ಒಂದರಂತೆ ಬರುತ್ತಲೇ ಇದ್ದವು.